ಸವೆದ ನಾಣ್ಯಗಳ ಗುರುತು: ಸಕಲೇಶಪುರ-ಆಲೂರು ಮಲೆಸೀಮೆಯ ದೃಷ್ಟಿಯಿಂದ

ಶಾಸನಗಳಂತೆ ನಾಣ್ಯಗಳೂ ಇತಿಹಾಸ ರಚನೆಗೆ ಪ್ರಮಾಣಭೂತವಾದ ಸಾಮಗ್ರಿಗಳೆಂಬುದು ಸರ್ವವಿದಿತ. ಆದರೆ ಶಾಸನವು ಸಾಮಾನ್ಯವಾಗಿ ನೆಟ್ಟಲ್ಲಿಯೇ ನಿಲ್ಲುತ್ತದೆ. ನಾಣ್ಯವು ಕೈಯಿಂದ ಕೈಗೆ ಸಂಚರಿಸಿ ಸವೆಯುತ್ತದೆ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರುಗಳ ಗುಡ್ಡಗಾಡಿನಲ್ಲಿ ನೆಲದ ತೇವವೂ ಸೇರಿ ತಾಮ್ರದ ನಾಣ್ಯಗಳ ಅಕ್ಷರಗಳನ್ನು ತಿಂದುಹಾಕುತ್ತದೆ. ಇಂತಹ ನಾಣ್ಯವು ದೊರೆತಾಗ, ಆ ಸ್ಥಳವನ್ನಾಳಿದವರು ಯಾರೆಂಬುದನ್ನು ನೋಡಿ ಅದು ಅವರದೇ ಎಂದು ನಿರ್ಧರಿಸಿಬಿಡುವುದುಂಟು. ಈ ಸೀಮೆಯ ಮಟ್ಟಿಗೆ ಆ ಕ್ರಮವು ನಂಬತಕ್ಕದ್ದಲ್ಲವೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹೊಯ್ಸಳರ ತರುವಾಯ ಈ ಪ್ರದೇಶವು ವಿಜಯನಗರದ ಆಳಿಕೆಗೆ ಒಳಪಟ್ಟಿತು. ಬಳಿಕ ಬಲಂ ಸೀಮೆಯೆಂಬ ಹೆಸರಿನಿಂದ ಐಗೂರು ನಾಯಕರ ಕೈಯಲ್ಲಿದ್ದು, ಕೆಳದಿ ಮತ್ತು ಮೈಸೂರು ಸಂಸ್ಥಾನಗಳ ನಡುವೆ ಸಿಕ್ಕಿತು. ಟಿಪ್ಪು ಸುಲ್ತಾನನು ಕಟ್ಟಿಸಿದ ಎಂಟು ಮೂಲೆಗಳ ಮಂಜರಾಬಾದ್ ಕೋಟೆ ಇಂದಿಗೂ ಇಲ್ಲಿದೆ. ೧೮೦೨ರಲ್ಲಿ ಬಲಂ ನಾಯಕನ ದಂಗೆಯನ್ನು ಆರ್ಥರ್ ವೆಲ್ಲೆಸ್ಲಿಯು ಅಡಗಿಸಿದನು. ಇಷ್ಟು ಪ್ರಭುತ್ವಗಳು ಬಂದುಹೋದ, ಅದರ ಮೇಲೆ ಕರಾವಳಿಗೆ ಇಳಿಯುವ ಘಟ್ಟದ ದಾರಿಗಳೂ ಇರುವ ನಾಡಿನಲ್ಲಿ ಯಾರ ನಾಣ್ಯವಾದರೂ ದೊರೆಯಬಹುದು.

ಶಿವಪಾರ್ವತಿಯರು ಜೊತೆಯಾಗಿ ಕುಳಿತಿರುವ ಚಿನ್ನದ ನಾಣ್ಯವೊಂದು ಸಿಕ್ಕಿತೆನ್ನೋಣ. ವಿಜಯನಗರದ ಇಮ್ಮಡಿ ಹರಿಹರನ (೧೩೭೭-೧೪೦೪) ನಾಣ್ಯಗಳಲ್ಲಿ ಈ ಉಮಾಮಹೇಶ್ವರ ಚಿತ್ರವಿದೆ. ಕೆಳದಿಯ ಸದಾಶಿವ ನಾಯಕನು ಅದನ್ನೇ ತನ್ನ ವರಾಹಕ್ಕೆ ತೆಗೆದುಕೊಂಡನು. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಅದೇ ಚಿತ್ರವನ್ನು ಉಳಿಸಿಕೊಂಡನು; ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲಿಯೂ ಅದೇ ಇದೆ. ಜನರು ನಂಬಿ ಕೈಗೆತ್ತಿಕೊಳ್ಳುವ ಹಣದ ರೂಪವನ್ನು ಬದಲಿಸಲು ಹೊಸ ಪ್ರಭುಗಳು ಹಿಂಜರಿಯುತ್ತಿದ್ದುದೇ ಇದಕ್ಕೆ ಕಾರಣವಾಗಿರಬೇಕು. ಪೂರ್ಣ ವರಾಹದ ತೂಕವೂ ಸುಮಾರು ೩.೪ ಗ್ರಾಂ ಆಗಿಯೇ ಮುಂದುವರಿದುದರಿಂದ, ಚಿತ್ರವಾಗಲಿ ತೂಕವಾಗಲಿ ನಾಲ್ಕು ಶತಮಾನಗಳ ಅಂತರವನ್ನು ತಿಳಿಸಲಾರವು.

ಆದಕಾರಣ ನಿರ್ಣಾಯಕವಾದುದು ಹಿಮ್ಮುಖ. ಹರಿಹರನದರಲ್ಲಿ ‘ಶ್ರೀ ಪ್ರತಾಪ ಹರಿಹರ’, ಕೆಳದಿಯದರಲ್ಲಿ ‘ಶ್ರೀ ಸದಾಶಿವ’, ಒಡೆಯರದರಲ್ಲಿ ‘ಶ್ರೀ ಕೃಷ್ಣರಾಜ’ ಎಂದು ನಾಗರಿಯ ಬರಹವಿದ್ದರೆ, ಹೈದರನದರಲ್ಲಿ ಚುಕ್ಕೆಗಳ ನಡುವೆ ಅವನ ಹೆಸರಿನ ಮೊದಲ ಪಾರಸಿ ಅಕ್ಷರ ಮಾತ್ರವಿದೆ. ಇಲ್ಲಿಯೂ ಎಚ್ಚರ ಅಗತ್ಯ. ವಿಜಯನಗರದಲ್ಲಿ ಸದಾಶಿವರಾಯನೆಂಬ ಅರಸನೂ ಇದ್ದನು. ‘ಪ್ರತಾಪ’, ‘ರಾಯ’ ಎಂಬ ಪದಗಳ ಕುರುಹು ಇದೆಯೇ ಎಂಬುದನ್ನು ಪರೀಕ್ಷಿಸದೆ ‘ಸದಾಶಿವ’ ಎಂಬುದೊಂದರಿಂದ ತೀರ್ಮಾನಕ್ಕೆ ಬರಬಾರದು. ಹೊಯ್ಸಳ ವಿಷ್ಣುವರ್ಧನನ ಗದ್ಯಾಣಗಳಲ್ಲಿ ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂಬ ಎರಡು ಕನ್ನಡ ಬರಹಗಳುಂಟು. ಕೊನೆಯ ‘ಗೊಂಡ’ ಮಾತ್ರ ಉಳಿದಿದ್ದರೆ ನಾಣ್ಯವು ಯಾರದೆಂದು ಹೇಳಬಹುದೇ ಹೊರತು ಯಾವ ವಿಜಯವನ್ನು ಸಾರುತ್ತದೆಂದು ಹೇಳಲಾಗದು.

ತಾಮ್ರದ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಆನೆಯ ಚಿತ್ರವು ಇಮ್ಮಡಿ ದೇವರಾಯ, ಟಿಪ್ಪು ಸುಲ್ತಾನ್, ಮುಮ್ಮಡಿ ಕೃಷ್ಣರಾಜ ಒಡೆಯರು ಈ ಮೂವರ ನಾಣ್ಯಗಳಲ್ಲಿಯೂ ಉಂಟು. ಆನೆಯ ಮೇಲೆ ಸೂರ್ಯಚಂದ್ರರೂ ‘ಶ್ರೀ’ಕಾರವೂ, ಹಿಂದೆ ‘ಮಯಿಲಿ ಕಾಸು’ ಎಂಬುದರ ಒಂದೆರಡು ಅಕ್ಷರಗಳೂ ಕಂಡರೆ ಅದು ಒಡೆಯರದು. ಬರಿಯ ಆನೆಯನ್ನು ಕಂಡು ಟಿಪ್ಪುವಿನದೆನ್ನುವುದು ಮಂಜರಾಬಾದ್ ಕೋಟೆಯ ಸಾಮೀಪ್ಯದಿಂದ ಹುಟ್ಟುವ ಭ್ರಮೆ.

ಇನ್ನು ನೈಜತೆಯ ಪ್ರಶ್ನೆ. ಸವೆತವು ಚಿನ್ನದ ನಾಣ್ಯದ ತೂಕವನ್ನು ಕುಗ್ಗಿಸುತ್ತದೆ. ಚಿತ್ರವೆಲ್ಲ ಅಳಿಸಿದಂತಿದ್ದು ತೂಕ ಮಾತ್ರ ಹೊಸದರಷ್ಟೇ ಇದ್ದರೆ, ಅಚ್ಚು ಸರಿಯಾಗಿ ಬಿದ್ದಿಲ್ಲವೋ ಅಥವಾ ಅದು ಎರಕದ ನಕಲೋ ಎಂದು ಶೋಧಿಸಬೇಕು. ಅಂಚಿನಲ್ಲಿ ಅರದಿಂದ ಉಜ್ಜಿದ ಕೂಡುಗೆರೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು ಎರಕದ ಲಕ್ಷಣಗಳು. ತಾಮ್ರದಲ್ಲಿ ಕಿಲುಬೇ ಪ್ರಾಚೀನತೆಯ ಒಂದು ಸಾಕ್ಷಿ. ಹುಣಸೆಹಣ್ಣು ಹಚ್ಚಿ ಥಳಥಳಿಸುವಂತೆ ತಿಕ್ಕಿದಾಗ ಆ ಸಾಕ್ಷಿಯೂ ಉಳಿದಿದ್ದ ಅರೆ ಅಕ್ಷರಗಳೂ ಒಟ್ಟಿಗೆ ನಾಶವಾಗುತ್ತವೆ. ಒಳ್ಳೆಯ ಉದ್ದೇಶದಿಂದಲೇ ನಡೆಯುವ ಈ ಹಾನಿಗೆ ಪರಿಹಾರವಿಲ್ಲ.

ತೋಟದ ಗುಂಡಿಯಲ್ಲಿ ನಾಣ್ಯ ದೊರೆತರೆ ಅದನ್ನು ತೊಳೆಯದೆ, ಜೊತೆಗಿದ್ದ ಮಡಕೆಚೂರುಗಳೊಡನೆ ಇರಿಸಿ, ಕಾನೂನಿನಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಯುಕ್ತ. ತೂಕ, ವ್ಯಾಸ, ಎರಡೂ ಮುಖಗಳ ಛಾಯಾಚಿತ್ರ, ದೊರೆತ ಜಾಗ ಇವಿಷ್ಟನ್ನೂ ಬರೆದಿಡಬೇಕು. ‘ಆಲೂರು’ ಎಂದಷ್ಟೇ ಬರೆದರೆ ಸಾಲದು. ರೋಮನ್ ಮತ್ತು ಬೈಜಾಂಟೈನ್ ಚಿನ್ನದ ನಾಣ್ಯಗಳಿಗೆ ಹೆಸರಾದ ಅಕ್ಕಿ ಆಲೂರು ಹಾವೇರಿ ಜಿಲ್ಲೆಯದೆಂಬುದನ್ನು ಮುಂದಿನ ಓದುಗನು ಮರೆಯಬಹುದು.

ಇಷ್ಟೆಲ್ಲ ಪರಿಶೀಲಿಸಿದ ಮೇಲೂ ನಾಣ್ಯವು ಮಾತನಾಡದಿದ್ದರೆ ‘ಗುರುತಿಸಲಾಗಿಲ್ಲ’ ಎಂದು ಬರೆಯುವುದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ಅಂತಹ ನಾಣ್ಯವನ್ನು ಮುಂದೊಬ್ಬ ವಿದ್ಯಾರ್ಥಿಯು ಮತ್ತೆ ಪರೀಕ್ಷಿಸಿಯಾನು. ತಪ್ಪು ಹೆಸರನ್ನು ಅಂಟಿಸಿದ ನಾಣ್ಯವನ್ನು ಯಾರೂ ಮತ್ತೆ ನೋಡುವುದಿಲ್ಲ.