ಬಯಲುಸೀಮೆಯ ಪರ್ವತಪದಗಳು: ವಿಜಾಪುರ ನಾಡಿನ ಜಾನಪದ ಗಾಯಕರ ಯಾತ್ರಾಸಂಪ್ರದಾಯ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲ್ಲೂಕುಗಳ ನೆಲವನ್ನು ಬಲ್ಲವರಿಗೆ, ಅಲ್ಲಿ ಪರ್ವತಸಂಸ್ಕೃತಿಯನ್ನು ಅರಸಲು ಹೊರಡುವುದು ಮೊದಲ ನೋಟಕ್ಕೆ ಅಸಂಗತವೆಂದೇ ತೋರೀತು. ಬಡಗಣಕ್ಕೆ ಭೀಮೆ, ತೆಂಕಣಕ್ಕೆ ಕೃಷ್ಣೆ, ನಡುವೆ ಡೋಣಿ. ಈ ಹೊಳೆಗಳ ನಡುವೆ ಕಣ್ಣು ಹರಿಯುವಷ್ಟು ದೂರವೂ ಎರೆಯ ಹೊಲ, ಹಿಂಗಾರಿ ಜೋಳ, ಕಡಲೆ, ಕುಸುಬೆ, ತೊಗರಿ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳಾಗುವುದೆಂದು ಹಿರಿಯರು ಹೇಳುವ ಈ ಸೀಮೆಯಲ್ಲಿ ಪರ್ವತವೆಂಬ ಹೆಸರಿಗೆ ತಕ್ಕ ಎತ್ತರವು ಎಲ್ಲಿಯೂ ಇಲ್ಲ. ಹೀಗಿದ್ದರೂ ಈ ಬಯಲಿನ ಜಾನಪದ ಗಾಯಕರು ಯಾವ ದೈವಗಳನ್ನು ರಾತ್ರಿಯಿಡೀ ಕೊಂಡಾಡುವರೋ ಆ ದೈವಗಳಲ್ಲಿ ಬಹುತೇಕವೂ ಗಿರಿವಾಸಿಗಳು: ಶ್ರೀಶೈಲದ ಮಲ್ಲಯ್ಯ, ಸವದತ್ತಿಯ ಗುಡ್ಡದ ಯಲ್ಲಮ್ಮ, ಅರಕೇರಿಯ ಮುಮ್ಮೆಟ್ಟಿ ಗುಡ್ಡದ ಅಮೋಘಸಿದ್ಧ. ಬಯಲಿನಲ್ಲಿ ಬಾಳುವ ಜನರು ಗುಡ್ಡವನ್ನು ನಡಿಗೆಯಿಂದಲೂ ಹಾಡಿನಿಂದಲೂ ತಮ್ಮದಾಗಿಸಿಕೊಂಡ ಬಗೆಯೇ ಪ್ರಸ್ತುತ ಲೇಖನದ ವಿಷಯ. ಈ ಹಾಡುಗಳನ್ನು ಗಾಯಕರ ಮನೆಯಂಗಳದಲ್ಲಿ ಕುಳಿತು ಬರೆದುಕೊಂಡರೆ ಪಾಠವು ದೊರೆಯುವುದೇ ಹೊರತು ಅವುಗಳ ಕ್ರಮವು ದೊರೆಯದೆಂಬುದೂ, ಆ ಕ್ರಮಕ್ಕಾಗಿ ಸಂಶೋಧಕನು ಗಾಯಕರೊಡನೆ ದಾರಿ ನಡೆಯಲೇಬೇಕೆಂಬುದೂ ಇಲ್ಲಿ ನಾನು ಪ್ರತಿಪಾದಿಸಬಯಸುವ ಅಭಿಪ್ರಾಯ.

ಈ ನಡಿಗೆಯು ಇತ್ತೀಚಿನದಲ್ಲ. ಇಂಡಿಯ ಬಡಗಣದಲ್ಲಿ, ಭೀಮೆಯ ಆಚೆಗಿರುವ ಸೊನ್ನಲಿಗೆ, ಎಂದರೆ ಇಂದಿನ ಸೊಲ್ಲಾಪುರದ ಬಾಲಕ ಸಿದ್ಧರಾಮನು ಹೊಲದಲ್ಲಿ ತನಗೆ ಕಾಣಿಸಿಕೊಂಡು ಮರೆಯಾದ ಮಲ್ಲಯ್ಯನನ್ನು ಹುಡುಕುತ್ತ ಯಾತ್ರಿಕರ ಬೆನ್ನುಹತ್ತಿ ಶ್ರೀಶೈಲವನ್ನು ಸೇರಿದ ಕಥೆಯನ್ನು ರಾಘವಾಂಕನು ತನ್ನ ಸಿದ್ಧರಾಮ ಚಾರಿತ್ರದಲ್ಲಿ ಹೇಳಿರುವನು. ಕಾವ್ಯದಲ್ಲಿ ಕಲ್ಪನೆಯ ಪಾಲು ಎಷ್ಟೇ ಇರಲಿ, ಈ ಬಯಲಿನಿಂದ ಆ ಗಿರಿಗೆ ಜನರು ಗುಂಪುಕಟ್ಟಿ ನಡೆದುಹೋಗುವ ವಾಡಿಕೆಯು 13ನೆಯ ಶತಮಾನದ ಕವಿಗೆ ಸುಪರಿಚಿತವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಭೂಗೋಳವೂ ಈ ಸಂಬಂಧವನ್ನು ಗಟ್ಟಿಗೊಳಿಸಿದೆ. ಆಲಮಟ್ಟಿಯ ಬಳಿ ಬಾಗೇವಾಡಿ ಸೀಮೆಯನ್ನು ಸವರಿ, ಮುದ್ದೇಬಿಹಾಳದ ಅಂಚನ್ನು ಹಿಡಿದು ಮೂಡಣಕ್ಕೆ ಹರಿಯುವ ಕೃಷ್ಣೆಯೇ ಮುಂದೆ ನಲ್ಲಮಲದ ಕಮರಿಯಲ್ಲಿ ಇಳಿದು ಶ್ರೀಗಿರಿಯ ಪಾದದಲ್ಲಿ ಪಾತಾಳಗಂಗೆ ಎನಿಸಿಕೊಳ್ಳುವಳು. ತಮ್ಮೂರ ಹೊಳೆಯ ನೀರೇ ಮಲ್ಲಯ್ಯನ ಪಾದವನ್ನು ತೊಳೆಯುವುದೆಂಬ ಭಾವನೆಯು ಹೊಳೆಸಾಲಿನ ಹಾಡುಗಾರರಲ್ಲಿ ಬಲವಾಗಿ ಬೇರೂರಿದೆ. ಅದು ಭಕ್ತಿಯ ಮಾತಾಗಿರುವಂತೆಯೇ ಯಥಾರ್ಥವೂ ಆಗಿದೆ.

ಜಾನಪದ ಕಲಾವಿದರನ್ನು ಅವರಿರುವಲ್ಲಿಗೇ ಹೋಗಿ ಕಾಣುವ ಪರಿಪಾಠವನ್ನು ಈ ನಾಡಿನಲ್ಲಿ ಹಾಕಿಕೊಟ್ಟವರು ಹಲಸಂಗಿಯ ಗೆಳೆಯರು. ಅವರಿಗಿಂತ ಮೊದಲು, 19ನೆಯ ಶತಮಾನದ ಕೊನೆಯ ಭಾಗದಲ್ಲಿ, ಜೆ. ಎಫ್. ಫ್ಲೀಟರು ಮುಂಬಯಿ ಪ್ರಾಂತದ ಕನ್ನಡ ಲಾವಣಿಗಳನ್ನು ಕೂಡಿಹಾಕಿ ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದ್ದರಾದರೂ ಅವರದು ಅಧಿಕಾರಿಯೂ ಶಾಸನಜ್ಞನೂ ಆದ ಹೊರಗಿನವನ ಆಸಕ್ತಿ. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಕೈಗೊಂಡ ಕಾರ್ಯವು ಇದಕ್ಕಿಂತ ಭಿನ್ನವಾದುದು. ತಮ್ಮ ತಾಯಂದಿರೂ ನೆರೆಹೊರೆಯ ಹೆಣ್ಣುಮಕ್ಕಳೂ ಬೀಸುವಾಗ ಕುಟ್ಟುವಾಗ ಹೇಳುತ್ತಿದ್ದ ತ್ರಿಪದಿಗಳನ್ನು ಅವರು ಆಯಾ ಕೆಲಸದ ನಡುವೆಯೇ ಕಿವಿಗೊಟ್ಟು ಕೇಳಿ ಬರೆದುಕೊಂಡರು. 1931ರಲ್ಲಿ ಹೊರಬಂದ ‘ಗರತಿಯ ಹಾಡು’ ಆ ಶ್ರಮದ ಮೊದಲ ಫಲ. ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ಗಳು ಅದನ್ನು ಹಿಂಬಾಲಿಸಿದವು. ಅದೇ ಊರಿನ ಲಾವಣಿಕಾರ ಖಾಜಾಭಾಯಿಯ ಪದಗಳು ಇಂದಿಗೂ ಕನ್ನಡಿಗರ ನೆನಪಿನಲ್ಲಿ ಉಳಿದಿರುವುದಕ್ಕೆ ಈ ಗೆಳೆಯರೇ ಕಾರಣರು. ಮಧುರಚೆನ್ನರ ಹುಟ್ಟುಹೆಸರು ಚನ್ನಮಲ್ಲಪ್ಪನೆಂಬುದನ್ನೂ ಇಲ್ಲಿ ನೆನೆಯಬಹುದು. ಪ್ರತಿಯೊಂದು ಓಣಿಯಲ್ಲಿಯೂ ಮಲ್ಲಪ್ಪ, ಮಲ್ಲವ್ವ, ಶ್ರೀಶೈಲಪ್ಪರಿರುವ ನಾಡು ಇದು.

ಆದರೆ ಹಲಸಂಗಿಯವರು ಕಂಡ ಹಾಡಿನ ಸಂದರ್ಭಗಳು ಇಂದು ಬಹುಮಟ್ಟಿಗೆ ಅಳಿದಿವೆ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ಜೋಳದ ತೆನೆಗಳ ಮೇಲೆ ಬೆಳತನಕ ಸುತ್ತಿಸುತ್ತ ಹೇಳುತ್ತಿದ್ದ ಹಂತಿಯ ಪದಗಳು ರಾಶಿಯ ಯಂತ್ರ ಬಂದ ಕೂಡಲೇ ನಿಂತವು. ನನ್ನ ಎಣಿಕೆಯಲ್ಲಿ ಇದು ಕನ್ನಡ ಜಾನಪದಕ್ಕೆ ಒದಗಿದ ಅತ್ಯಂತ ದೊಡ್ಡ ನಷ್ಟ. ಏಕೆಂದರೆ ದೀರ್ಘವಾದ ಕಥನಗೀತೆಯನ್ನು ಇಡೀ ರಾತ್ರಿ ಎಡೆಬಿಡದೆ ಹೇಳುವ ಅವಕಾಶವು ಒಕ್ಕಲಿಗನಿಗೆ ಇದ್ದುದು ಕಣದಲ್ಲಿ ಮಾತ್ರ. ಪುರಾತನ ಸಂದರ್ಭಗಳಲ್ಲಿ ಇನ್ನೂ ಜೀವಂತವಾಗಿ ಉಳಿದಿರುವುದು ಗುಡ್ಡದ ಯಾತ್ರೆಯೊಂದೇ. ಅಷ್ಟೇ ಅಲ್ಲ, ಹಂತಿಯಲ್ಲಿ ಕೇಳಿಬರುತ್ತಿದ್ದ ಎಷ್ಟೋ ಮಟ್ಟುಗಳು ನೆಲೆ ತಪ್ಪಿದ ಮೇಲೆ ಈ ಯಾತ್ರೆಯ ಆಶ್ರಯವನ್ನು ಪಡೆದಿವೆ.

ಯುಗಾದಿಯ ಮಲ್ಲಯ್ಯನ ಯಾತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ. ಹೋಳಿಹುಣ್ಣಿಮೆ ಕಳೆಯುತ್ತಲೇ ಊರೂರಿನಿಂದ ಕಂಬಿಗಳು ಏಳುವವು. ಕಂಬಿಯೆಂದರೆ ಹೆಗಲ ಮೇಲೆ ಹೊರುವ ಬಿದಿರು. ಅದನ್ನು ವಸ್ತ್ರದಿಂದಲೂ ಹೂವಿನಿಂದಲೂ ಸಿಂಗರಿಸಿ, ಮಲ್ಲಯ್ಯನ ಪ್ರತಿರೂಪವೆಂದೇ ಭಾವಿಸಿ, ನೆಲಕ್ಕೆ ಇಳಿಸುವಾಗಲೂ ಎತ್ತುವಾಗಲೂ ಮಂಗಳಾರತಿ ಬೆಳಗುವರು. ಇಂಡಿಯ ಕಡೆಯಿಂದ ಹೊರಟವರಿಗೆ 400 ಕಿಲೋಮೀಟರಿಗೂ ಮಿಕ್ಕ ದಾರಿ. ಕೆಲವರು ಮರಗಾಲು ಕಟ್ಟಿಕೊಂಡೇ ಅದನ್ನು ಸವೆಸುವರು. ರಾಯಚೂರು ಸೀಮೆಯನ್ನು ಹಾಯ್ದು, ಆತ್ಮಕೂರಿನ ಬಳಿ ನಲ್ಲಮಲದ ಅಡವಿಯನ್ನು ಹೊಕ್ಕು, ವೆಂಕಟಾಪುರ, ನಾಗಲೂಟಿ, ಪೆಚ್ಚೆರುವುಗಳ ಮಾರ್ಗವಾಗಿ ಭೀಮನಕೊಳ್ಳಕ್ಕೆ ಇಳಿದು, ಅಲ್ಲಿಂದ ಕಡಿದಾದ ಮೆಟ್ಟಿಲುಗಳನ್ನೇರಿ ಕೈಲಾಸದ್ವಾರವನ್ನು ಮುಟ್ಟಿದರೆ ಶ್ರೀಶೈಲವು ದೂರವಿಲ್ಲ. ದಾರಿಯ ಊರುಗಳಲ್ಲಿ ಮಜ್ಜಿಗೆ, ಅಂಬಲಿ, ರೊಟ್ಟಿ ಹಿಡಿದು ಕಾದು ನಿಂತವರಿಗೆ ಈ ಯಾತ್ರಿಕರ ಕುಲಗೋತ್ರದ ವಿಚಾರಣೆ ಬೇಕಿಲ್ಲ.

ಹಾಡುಗಳ ವಿಂಗಡಣೆಯನ್ನು ಈ ದಾರಿಯೇ ಮಾಡಿರುವುದು ಲಕ್ಷ್ಯಕ್ಕೆ ಬರುವ ಮುಖ್ಯಾಂಶ. ಮನೆಯ ಹೊಸ್ತಿಲನ್ನು ದಾಟುವಾಗ ಹೇಳುವ ಪದದಲ್ಲಿ ಹಡೆದವ್ವನ, ಕಟ್ಟಿಹೋದ ದನಕರುಗಳ, ಬಿಟ್ಟುಹೋದ ಹೊಲದ ಚಿಂತೆ ತುಂಬಿರುವುದು. ಹೊಳೆ ದಾಟುವಾಗ ಗಂಗೆಯ ಸ್ತುತಿ. ನಡುಹಗಲ ಬಿಸಿಲಿನಲ್ಲಿ ಹೆಜ್ಜೆಗೆ ಹೊಂದುವ ಚಿಕ್ಕ ನುಡಿಗಳ, ಒಬ್ಬನು ಎತ್ತಿಕೊಟ್ಟು ಉಳಿದವರು ಹಿಡಿಯುವ ಪದಗಳು. ಬಿಡದಿಯಲ್ಲಿ ಭಜನೆ, ತತ್ತ್ವಪದ. ಭೀಮನಕೊಳ್ಳದ ಏರಿನಲ್ಲಿ ಹಾಡು ಹೆಚ್ಚುಕಡಿಮೆ ನಿಂತುಹೋಗಿ, ಉಸಿರಿಗೊಂದರಂತೆ ಮಲ್ಲಯ್ಯನ ಹೆಸರು ಮಾತ್ರ ಉಳಿಯುವುದು. ಈ ಮೌನವನ್ನೂ ಹಾಡಿನ ಕ್ರಮದ ಒಂದು ಅಂಗವೆಂದೇ ಸಂಗ್ರಾಹಕನು ಗಣಿಸಬೇಕು. ಸಿಂದಗಿಯ ಕಡೆಯ ಹಿರಿಯ ಹಾಡುಗಾರರೊಬ್ಬರ ಕಟ್ಟೆಯ ಮೇಲೆ ಕುಳಿತು ನಾನು ಪದಗಳನ್ನು ಬರೆದುಕೊಳ್ಳುತ್ತಿದ್ದಾಗ, ನಾಲ್ಕು ನುಡಿ ಹೇಳಿ ಅವರು ತಡವರಿಸಿದರು. ಮುಂದಿನ ನುಡಿ ನಾಲಗೆಗೆ ಬಾರದು. “ಬರಕೊಂಡು ಏನ ಮಾಡ್ತೀರಿ ಸರ, ಈ ಸಲ ಯುಗಾದಿಗಿ ನಮ್ಮ ಕೂಡ ಬರ್ರಿ, ದಾರ್ಯಾಗ ತಾವ ಬರ್ತಾವ ಪದ” ಎಂದರು. ವೃದ್ಧಾಪ್ಯದ ಮರೆವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಅವರ ಸ್ಮರಣೆಯು ಊರು, ಹಳ್ಳ, ಗಿಡದ ನೆರಳುಗಳ ಅನುಕ್ರಮವನ್ನು ಆಧರಿಸಿ ನಿಂತಿತ್ತು. ಕಟ್ಟೆಯ ಮೇಲೆ ಆ ಆಧಾರವಿರಲಿಲ್ಲ.

ಗಿರಿಯ ಮೇಲಣ ಆಚರಣೆಗಳಲ್ಲಿ ಎರಡನ್ನು ಮಾತ್ರ ಹೆಸರಿಸುವೆನು. ಕನ್ನಡ ಭಕ್ತರು ಭ್ರಮರಾಂಬೆಯನ್ನು ತಮ್ಮ ನಾಡಿನ ಮಗಳೆಂದು ಬಗೆದು ಸೀರೆ, ಅರಿಷಿಣ ಕುಂಕುಮಗಳನ್ನು ಒಯ್ಯುವರು. ಅದರಿಂದಾಗಿ ಪರ್ವತದ ದೇವನು ಅಳಿಯನಾಗಿ, ಹಾಡುಗಳಲ್ಲಿ ಸಲಿಗೆಯ ಧ್ವನಿಯೊಂದು ಸೇರಿಕೊಂಡಿದೆ. ಎರಡನೆಯದು ಪುರವಂತರ ಸೇವೆ. ವೀರಭದ್ರನ ಒಡಪುಗಳನ್ನು ಗುಡುಗಿನ ದನಿಯಲ್ಲಿ ಹೇಳಿ, ಶಸ್ತ್ರಗಳನ್ನು ಧರಿಸಿ, ಅಗ್ನಿಗುಂಡವನ್ನು ಹಾಯುವ ಈ ವೀರಾಚಾರವನ್ನು ಯುಗಾದಿಯ ವೇಳೆಗೆ ಅಲ್ಲಿ ನಡೆಸುವವರು ಮುಖ್ಯವಾಗಿ ಕರ್ನಾಟಕದವರೇ.

ಎಲ್ಲರಿಗೂ ಪ್ರತಿವರ್ಷವೂ ಶ್ರೀಶೈಲದ ನಡಿಗೆ ಸಾಧ್ಯವಾಗದು. ಹೀಗಾಗಿ ಮಲ್ಲಯ್ಯನು ಬಯಲಿಗೂ ಇಳಿದುಬಂದಿರುವನು. ಮಡಿವಾಳ ಮಾಚಯ್ಯನ ಊರೆಂದು ಪ್ರಸಿದ್ಧವಾದ, ಹಿಂದೆ ಸಿಂದಗಿ ತಾಲ್ಲೂಕಿಗೆ ಸೇರಿದ್ದ ದೇವರ ಹಿಪ್ಪರಗಿಯಲ್ಲಿ ಮಲ್ಲಯ್ಯನಿಗೂ ಕುದುರೆಯೇರಿದ ರಾವುತರಾಯನಿಗೂ ದಸರೆಯ ಸುಮಾರಿಗೆ ನಡೆಯುವ ಜಾತ್ರೆಯು ಇದಕ್ಕೆ ಉತ್ತಮ ನಿದರ್ಶನ.

ಹಾಲುಮತದವರ ಡೊಳ್ಳಿನ ಪದಗಳ ದಾರಿ ಬೇರೆ. ದೀಪಾವಳಿಯ ಅಮಾವಾಸ್ಯೆಗೆ ಭೀಮಾತೀರದ ಶಿರಾಡೋಣದಿಂದ ಬೀರಲಿಂಗನ ಪಲ್ಲಕ್ಕಿಯು ಹೊರಟು, ಮಹಾರಾಷ್ಟ್ರದ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ ಶಿಷ್ಯನಾದ ಮಾಳಿಂಗರಾಯನನ್ನು ಭೆಟ್ಟಿಯಾಗುವುದು. ಛಟ್ಟಿ ಅಮಾವಾಸ್ಯೆಗೆ ಮುಮ್ಮೆಟ್ಟಿ ಗುಡ್ಡದಲ್ಲಿ ಅಮೋಘಸಿದ್ಧನ ಜಾತ್ರೆ. ಭಂಡಾರ, ಉಣ್ಣೆಗಳ ತೂರಾಟದಿಂದ ಆಕಾಶವೇ ಹಳದಿಯಾಗುವ ಆ ಗದ್ದಲವನ್ನು ಎಲ್ಲರೂ ನೋಡುವರು. ನೋಡಬೇಕಾದುದು ಅದರ ಹಿಂದಿನ ರಾತ್ರಿಯ ಸಿದ್ಧತೆ. ಚಳಿಗೆ ಸಡಿಲಾದ ತೊಗಲನ್ನು ಒಬ್ಬನು ಉರಿಯ ಬಳಿ ಹಿಡಿದು ಕಾಯಿಸುವನು, ಹುರಿಯನ್ನು ಮೊಣಕಾಲು ಕೊಟ್ಟು ಎಳೆಯುವನು, ಬೆರಳಿನಿಂದ ಮೀಟಿ ಕಿವಿಗೊಡುವನು, ತೃಪ್ತಿಯಾಗದೆ ಮತ್ತೆ ಕಾಯಿಸುವನು. ಬಳಿಕ ಎರಡು ಮೇಳಗಳು ಎದುರುಬದುರು ನಿಂತು ಸವಾಲು ಹಾಕುತ್ತ ಜವಾಬು ಕೊಡುತ್ತ ಬೀರದೇವರ ಕಥೆಯನ್ನು ಬೆಳೆಸುವವು. ಸೋತ ಮೇಳದವನು ಮುಂದಿನ ವರ್ಷದ ಒಳಗಾಗಿ ಆ ಸವಾಲಿನ ಉತ್ತರವನ್ನು ಊರೂರು ಅಲೆದು ಹುಡುಕುವನು. ನಮ್ಮ ವಿದ್ಯಾಪೀಠಗಳಲ್ಲಿಯೂ ಇಂತಹ ಶ್ರದ್ಧೆ ಸುಲಭಲಭ್ಯವಲ್ಲ.

ಯಲ್ಲಮ್ಮನ ಗುಡ್ಡದ ಚೌಡಿಕೆ ಪದಗಳ ವಿಷಯದಲ್ಲಿ ಎಚ್ಚರದಿಂದ ಮಾತಾಡಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಬಂಡಿಕಟ್ಟಿ ಗುಡ್ಡಕ್ಕೆ ಹೋಗುವ ಪದ್ಧತಿ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಹಳೆಯದು. ಪೊಳ್ಳಾದ ಮರದ ಕೊಳವೆಯ ತಳಕ್ಕೆ ತೊಗಲು ಹೊದೆಸಿ, ಅದರ ನಡುವಿನಿಂದ ತಂತಿಯನ್ನೆಳೆದು ಬಿಗಿದ ಚೌಡಿಕೆಯನ್ನು ಕಂಕುಳಲ್ಲಿ ಅವುಚಿ ಮೀಟುತ್ತ ರೇಣುಕೆಯ ಕಥೆಯನ್ನು ಹೇಳುವ ಹೆಣ್ಣುಮಕ್ಕಳ ಕಂಠವು ಅಪೂರ್ವವಾದುದು. ಆದರೆ ಅವರಲ್ಲಿ ಅನೇಕರು ದೇವಿಯ ಹೆಸರಿನಲ್ಲಿ ಬಾಳನ್ನೇ ತೆತ್ತವರು. 1982ರ ಕರ್ನಾಟಕದ ಕಾಯಿದೆಯು ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದುದು ಸರ್ವಥಾ ನ್ಯಾಯವಾದುದು. ಹಾಡು ಉಳಿಯಲೆಂದು ಆ ಪದ್ಧತಿಯನ್ನು ಮನ್ನಿಸುವ ಮಾತನ್ನು ಯಾವ ಸಂಶೋಧಕನೂ ಆಡಬಾರದು. ಪದ್ಧತಿಯು ಹೋಗಿಯೂ ಹಾಡು ಉಳಿಯಬಲ್ಲುದು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀಯನ್ನು ಪಡೆದುದು ಈ ಕಲೆಗೆ ಗೌರವದ ಬೇರೊಂದು ಮಾರ್ಗವನ್ನು ತೆರೆದಿದೆ.

ಇನ್ನು ಆಗಬೇಕಾದ ಕಾರ್ಯದ ವಿಚಾರ. ಮಲ್ಲಯ್ಯನ ಯಾತ್ರೆಗೆ ಹೋಗುವ ದಾರಿಯನ್ನು ಜನರು ಇಂದಿಗೂ ನಡೆಯುವರು. ಹಿಂದಿರುಗುವಾಗ ಮಾತ್ರ ಬಹುಮಂದಿ ಬಸ್ಸನ್ನೋ ಲಾರಿಯನ್ನೋ ಹತ್ತುವರು. ತತ್ಪರಿಣಾಮವಾಗಿ ಹೋಗುವ ದಾರಿಯ ಪದಗಳು ಎಳೆಯರ ಬಾಯಲ್ಲಿಯೂ ಇರುವಾಗ, ಮರಳುವ ದಾರಿಯ ಪದಗಳು, ಎಂದರೆ ದರ್ಶನದ ಸುಖವೂ ಅಗಲಿಕೆಯ ನೋವೂ ಊರು ಸಮೀಪಿಸುವ ಸಡಗರವೂ ಬೆರೆತವು, ಹಿಂದೆ ಎರಡೂ ದಾರಿಯನ್ನು ಕಾಲಿನಿಂದಲೇ ಅಳೆದ ವೃದ್ಧರಲ್ಲಿ ಮಾತ್ರ ಉಳಿದಿವೆ. ಅವುಗಳನ್ನು ಕೇಳಲು ಸಿಗುವ ಸಂದರ್ಭ ಒಂದುಂಟು: ಕಂಬಿ ಊರಿಗೆ ಮರಳಿದ ಮೇಲೆ ನಡೆಯುವ ಐದೇಶಿಯ ರಾತ್ರಿ. ಅಂದು ಊಟ ಮುಗಿದು ಎಳೆಯರು ಮಲಗಿದ ಬಳಿಕ ಹಿರಿಯರು ಕಂಬಿಯ ಸುತ್ತ ಕುಳಿತು, ತಾವು ಒಮ್ಮೆ ನಡೆದ ಮರುದಾರಿಯನ್ನು ಊರು ಊರಾಗಿ ನೆನೆಯುತ್ತ ಹಾಡುವುದುಂಟು. ಚೈತ್ರದ ಆ ದಿನಗಳಲ್ಲಿ ಬಾಗೇವಾಡಿ, ಮುದ್ದೇಬಿಹಾಳಗಳ ಹಳ್ಳಿಗಳಿಗೆ ತರುಣ ಸಂಗ್ರಾಹಕರು ಹೋಗಿ ಕುಳಿತು, ಪದವನ್ನು ಬರೆದುಕೊಳ್ಳುವುದರ ಜೊತೆಗೆ ಪ್ರತಿಯೊಂದು ಪದವೂ ಯಾವ ಹಳ್ಳದ ಬಳಿ, ಯಾವ ಏರಿನಲ್ಲಿ ಹುಟ್ಟುವುದೆಂಬುದನ್ನೂ ಕೇಳಿ ಗುರುತಿಸತಕ್ಕದ್ದು.