ಗಜೇಂದ್ರಗಡ ಒಪ್ಪಂದ (1787)

ಪೀಠಿಕೆ

ಗದಗ ಜಿಲ್ಲೆಯ ನರಗುಂದ ಹಾಗೂ ಗಜೇಂದ್ರಗಡಗಳು ಹದಿನೆಂಟನೆಯ ಶತಮಾನದ ಒಂದು ಯುದ್ಧದ ಆರಂಭ ಮತ್ತು ಮುಕ್ತಾಯಗಳೊಡನೆ ಸಂಬಂಧ ಹೊಂದಿವೆ. ಹಿಂದೆ ರೋಣ ತಾಲ್ಲೂಕಿಗೆ ಸೇರಿದ್ದ ಗಜೇಂದ್ರಗಡವು ಈಗ ಪ್ರತ್ಯೇಕ ತಾಲ್ಲೂಕು ಕೇಂದ್ರವಾಗಿದೆ. ಮೈಸೂರು, ಮರಾಠ ಹಾಗೂ ಹೈದರಾಬಾದ್ ರಾಜ್ಯಗಳ ನಡುವೆ 1787ರಲ್ಲಿ ಏರ್ಪಟ್ಟ ಸಂಧಿಯು ಈ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ವಿವಾದದ ಮೂಲ

ನರಗುಂದದ ಸಂಸ್ಥಾನಿಕ ವೆಂಕಟರಾವ್ ಭಾವೆ ಅವರು ಮೈಸೂರಿಗೆ ಕಪ್ಪ ಸಲ್ಲಿಸುತ್ತಿದ್ದರು. ಟಿಪ್ಪು ಸುಲ್ತಾನರು ಹೆಚ್ಚಿನ ಕಪ್ಪವನ್ನು ಕೇಳಿದಾಗ ಅವರು ಪುಣೆಯ ನೆರವನ್ನು ಕೋರಿದರು. ರೂಢಿಯ ಕಪ್ಪವನ್ನು ಮೀರಿ ಕೇಳಲಾಗದೆಂಬುದು ಮಂತ್ರಿ ನಾನಾ ಫಡ್ನವೀಸರ ವಾದ. ತಮ್ಮ ಅಧೀನರಿಂದ ಎಷ್ಟು ಪಡೆಯಬೇಕೆಂಬುದು ತಮ್ಮ ಹಕ್ಕೆಂಬುದು ಟಿಪ್ಪು ಅವರ ನಿಲುವು. ಮಾತುಕತೆ ಫಲಿಸಲಿಲ್ಲ. 1785ರಲ್ಲಿ ಮೈಸೂರು ಸೇನೆಯು ನರಗುಂದ ಕೋಟೆಗೆ ಮುತ್ತಿಗೆ ಹಾಕಿ ವಶಪಡಿಸಿಕೊಂಡಿತು. ವೆಂಕಟರಾವ್ ಹಾಗೂ ಅವರ ಕಾರಭಾರಿ ಕಾಳೋಪಂತ ಪೇಠೆ ಸೆರೆಯಾದರು.

ಯುದ್ಧ ಮತ್ತು ಸಂಧಾನ

1786ರಲ್ಲಿ ಮರಾಠರು ನಿಜಾಮರೊಡಗೂಡಿ ಬಾದಾಮಿಯನ್ನು ಗೆದ್ದರು. ಗಜೇಂದ್ರಗಡವೂ ಮರಾಠರ ಕೈಸೇರಿತು. ಮೈಸೂರು ಸೇನೆಯು ಆದವಾನಿ ಹಾಗೂ ಸವಣೂರುಗಳನ್ನು ವಶಪಡಿಸಿಕೊಂಡಿತು. ಯಾವ ಪಕ್ಷಕ್ಕೂ ನಿರ್ಣಾಯಕ ಜಯ ದೊರೆಯಲಿಲ್ಲ. ಸೇನೆಗಳು ರಣರಂಗದಲ್ಲಿರುವಾಗಲೇ ಮರಾಠ ಸರದಾರರಾದ ತುಕೋಜಿ ಹೋಳ್ಕರ್ ಮತ್ತು ಗಂಗಾಧರರಾವ್ ರಾಸ್ತೆ ಅವರ ಮೂಲಕ ಸಂಧಾನ ಆರಂಭವಾಯಿತು.

ಒಪ್ಪಂದದ ಮುಖ್ಯಾಂಶಗಳು

1. ಬಾಕಿ ಕಪ್ಪದ ಬಾಬ್ತು ಮೈಸೂರು ಮರಾಠರಿಗೆ ದೊಡ್ಡ ಮೊತ್ತವನ್ನು ಸಲ್ಲಿಸತಕ್ಕದ್ದು.
2. ಬಾದಾಮಿ, ಕಿತ್ತೂರು ಹಾಗೂ ನರಗುಂದಗಳನ್ನು ಮರಾಠರಿಗೆ ಬಿಟ್ಟುಕೊಡತಕ್ಕದ್ದು.
3. ಆದವಾನಿಯನ್ನು ನಿಜಾಮರ ಕಡೆಗೆ ಹಿಂದಿರುಗಿಸತಕ್ಕದ್ದು.

ಪರಿಣಾಮ

ಒಪ್ಪಂದದಿಂದ ಯುದ್ಧ ನಿಂತಿತಾದರೂ ಶಾಂತಿ ಬಹುಕಾಲ ಉಳಿಯಲಿಲ್ಲ. 1790ರಲ್ಲಿ ಮರಾಠರು ಮತ್ತು ನಿಜಾಮರು ಇಂಗ್ಲಿಷ್ ಕಂಪನಿಯೊಡನೆ ಸೇರಿ ಮೈಸೂರಿನ ವಿರುದ್ಧ ಯುದ್ಧಕ್ಕಿಳಿದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮೈಸೂರು ಸುಮಾರು ಅರ್ಧ ರಾಜ್ಯವನ್ನು ಕಳೆದುಕೊಂಡಿತು. 1787ರ ಸಂಧಿಯು ಊರುಗಳ ಹಾಗೂ ಹಣದ ಲೆಕ್ಕವನ್ನು ತೀರ್ಮಾನಿಸಿತ್ತು. ಆದರೆ ಮುಂದಿನ ತಕರಾರುಗಳನ್ನು ಆಲಿಸಲು ಎಲ್ಲರಿಗೂ ಸಮ್ಮತವಾದ ಮಧ್ಯಸ್ಥ ವ್ಯವಸ್ಥೆಯೊಂದು ಆ ಕಾಲದಲ್ಲಿ ಇರಲಿಲ್ಲ.

ಇಂತಹ ವ್ಯವಸ್ಥೆಯ ಅಗತ್ಯವನ್ನು ಇಂದು ವಿಶ್ವವೇ ಮನಗಂಡಿದೆ. 1945ರ ವಿಶ್ವಸಂಸ್ಥೆಯ ಸನ್ನದಿನ 33ನೇ ವಿಧಿಯು ವಿವಾದಗಳನ್ನು ಮೊದಲು ಮಾತುಕತೆ, ಮಧ್ಯಸ್ಥಿಕೆ, ಪಂಚಾಯ್ತಿ ಅಥವಾ ನ್ಯಾಯಾಂಗದ ಮೂಲಕ ಬಗೆಹರಿಸಿಕೊಳ್ಳಲು ಸೂಚಿಸುತ್ತದೆ. ಭಾರತ ಸಂವಿಧಾನದ 51ನೇ ಅನುಚ್ಛೇದವು ಅಂತರರಾಷ್ಟ್ರೀಯ ಶಾಂತಿಯನ್ನು ಬೆಳೆಸುವುದನ್ನೂ ವಿವಾದಗಳನ್ನು ಪಂಚಾಯ್ತಿಯ ಮೂಲಕ ಇತ್ಯರ್ಥಪಡಿಸಲು ಪ್ರೋತ್ಸಾಹಿಸುವುದನ್ನೂ ರಾಜ್ಯನೀತಿಯ ನಿರ್ದೇಶಕ ತತ್ವವಾಗಿ ವಿಧಿಸಿದೆ.

ಸಾರ್ವಜನಿಕರ ಗಮನಕ್ಕೆ

ಪೇಶ್ವೆ ಆಡಳಿತದ ಮೋಡಿ ಲಿಪಿಯ ಕಾಗದಪತ್ರಗಳು ಪುಣೆಯ ಪತ್ರಾಗಾರದಲ್ಲಿ ಸಂರಕ್ಷಿತವಾಗಿವೆ. ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯ ಕೇಂದ್ರ ಕಚೇರಿಯು ಬೆಂಗಳೂರಿನ ವಿಧಾನಸೌಧದಲ್ಲಿದೆ. ದಾಖಲೆಗಳನ್ನು ಪರಿಶೀಲಿಸಲು ಬಯಸುವವರು ವಿಷಯ, ಅವಧಿ ಹಾಗೂ ಉದ್ದೇಶವನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ನಮೂದಿಸುವುದು ಸೂಕ್ತ. ಮನೆತನದ ಹಳೆಯ ಸನದು, ಕಡತಗಳನ್ನು ಹೊಂದಿರುವವರು ಅವುಗಳನ್ನು ಜೋಪಾನವಾಗಿ ಕಾಪಾಡಲು ಕೋರಲಾಗಿದೆ.