ಕಲಾದಗಿಯಿಂದ ಜಿಲ್ಲಾ ಕಚೇರಿ ಎದ್ದದ್ದೇಕೆ?

ಘಟಪ್ರಭೆಯ ದಂಡೆಯ ಕಲಾದಗಿ ಈಗ ಬಾಗಲಕೋಟೆ ತಾಲ್ಲೂಕಿನ ಒಂದು ಸಣ್ಣ ಊರು. 1864ರಲ್ಲಿ ಇಡೀ ಜಿಲ್ಲೆಗೆ ಇದರದೇ ಹೆಸರಾಯಿತು. ಬ್ರಿಟಿಷರ ದಂಡೂ ಇಲ್ಲಿತ್ತು. 1885ರಲ್ಲಿ ಕಚೇರಿ ವಿಜಾಪುರಕ್ಕೆ ಹೋಯಿತು. ಅದರ ಹಿಂದಿನ ವರ್ಷವೇ ಸದರ್ನ್ ಮರಾಠಾ ರೈಲ್ವೆಯ ಹೊಟಗಿ–ಗದಗ ಮೀಟರ್‌ಗೇಜ್ ಹಳಿ ವಿಜಾಪುರ, ಬಾಗಲಕೋಟೆ, ಬಾದಾಮಿ ಹಾಯ್ದು ಸಾಗಿತ್ತು. ಕಲಾದಗಿ ಪಶ್ಚಿಮಕ್ಕೆ ಉಳಿಯಿತು. ರೈಲು ಬಾರದ್ದಕ್ಕೇ ಕಚೇರಿ ಹೋಯಿತೆಂದು ಬರೆದು ಮುಗಿಸಲು ಇಷ್ಟು ಸಾಕೇ?

ಹಿಂದಿನ ಕಾಗದಗಳಿಗೆ ಹೋದೆ. 1876ರಲ್ಲಿ ಭೂವಿಜ್ಞಾನಿ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯ ಭೂವಿಜ್ಞಾನ ಬರೆದಾಗ ಇಲ್ಲಿಯ ಪ್ರಾಚೀನ ಶಿಲೆಗಳನ್ನು ಕಲಾದಗಿಯ ಹೆಸರಿನಿಂದಲೇ ಕರೆದ. ಊರಿನ ಅಂದಿನ ಮಹತ್ವಕ್ಕೆ ಅದು ಸಾಕ್ಷಿ, ನನ್ನ ಪ್ರಶ್ನೆಗೆ ಉತ್ತರವಲ್ಲ. 1881ರ ಜನಗಣತಿಯಲ್ಲೂ ಜಿಲ್ಲೆ ಕಲಾದಗಿಯೇ.

ದಾರಿ ತೆರೆದದ್ದು ಕ್ಯಾಂಪ್‌ಬೆಲ್ ಸಂಪಾದಿಸಿದ ಬಾಂಬೆ ಗೆಜೆಟಿಯರ್‌ನ 23ನೇ ಸಂಪುಟದ ಮುಖಪುಟ. ಅಚ್ಚಾದ ವರ್ಷ 1884. ಜಿಲ್ಲೆಯ ಹೆಸರು ಬಿಜಾಪುರ. ಕಚೇರಿ ಏಳುವ ಮೊದಲೇ ಹೆಸರು ಎದ್ದಿದೆ! ಆದರೂ ಮುಖಪುಟಕ್ಕೆ ಅದರ ಮಿತಿಯೊಳಗೇ ತೂಕ ಕೊಡಬೇಕು. ತೀರ್ಮಾನ ಎಂದಾಯಿತೆಂದು ಅದು ಹೇಳದು, 1884ರ ಹೊತ್ತಿಗೆ ಆಗಿತ್ತೆಂದಷ್ಟೇ ಹೇಳುತ್ತದೆ.

ಕಟ್ಟಡಗಳು ಇನ್ನಷ್ಟು ಹಿಂದಕ್ಕೆ ಒಯ್ಯುತ್ತವೆ. ವಿಜಾಪುರದ ಆನಂದ ಮಹಲ್, ಚೀನೀ ಮಹಲ್‌ನಂಥ ಆದಿಲಶಾಹಿ ಅರಮನೆಗಳನ್ನೇ ದುರಸ್ತಿ ಮಾಡಿ ಸರ್ಕಾರಿ ಬಳಕೆಗೆ ತಂದರು. ಪಾಳುಬಿದ್ದ ಮಹಲುಗಳು ಒಂದೆರಡು ತಿಂಗಳಲ್ಲಿ ಕಚೇರಿಗಳಾಗುವುದಿಲ್ಲ. ಹಾಗಾದರೆ ಮೊದಲ ರೈಲು ಬರುವ ಮುಂಚೆಯೇ ಸ್ಥಳಾಂತರದ ಯೋಚನೆ ಇತ್ತೆಂದು ಊಹಿಸಬಹುದು. ಇದು ಊಹೆಯೇ, ದಾಖಲೆಯಲ್ಲ.

ರೈಲಿಗಾದರೂ ಬೇರೆ ಒತ್ತಡವಿತ್ತು. 1876–78ರ ಭೀಕರ ಬರದಲ್ಲಿ ಈ ಸೀಮೆಗೆ ಕಾಳು ತರುವುದೇ ದುಸ್ತರವಾಗಿತ್ತು. ಆ ಪಾಠದಿಂದ ಹುಟ್ಟಿದ ಹಳಿಗೆ ಉತ್ತರದ ಹೊಟಗಿಯನ್ನು ದಕ್ಷಿಣದ ಗದಗಿಗೆ ಜೋಡಿಸುವುದು ಮುಖ್ಯ. ಕಲಾದಗಿಗೆ ಹೋಗುವುದೆಂದರೆ ಸುತ್ತು.

ಆದ್ದರಿಂದ ನನ್ನ ತೀರ್ಪು ಇಷ್ಟು: ರೈಲು ಕಲಾದಗಿಯ ಇಳಿತವನ್ನು ಗಟ್ಟಿ ಮಾಡಿತು, ಆರಂಭಿಸಿದ್ದು ಅದೊಂದೇ ಅಲ್ಲ. ಹೆಸರು ಬದಲಿಸುವ ತೀರ್ಮಾನ ಎಂದಾಯಿತೆಂಬುದು ಮಾತ್ರ ನನಗಿನ್ನೂ ಸಿಕ್ಕಿಲ್ಲ. ಈ ಭಾಗದ ಮನೆಗಳಲ್ಲಿ 1880ರ ದಶಕದ ಖರೀದಿ ಪತ್ರಗಳಿದ್ದರೆ, ಜಿಲ್ಲೆಯ ಹೆಸರು ಬರೆದ ಸಾಲನ್ನೂ ತಾರೀಖನ್ನೂ ದಯವಿಟ್ಟು ನೋಡಿ. ಕಾಗದ ಹಳತಾಯಿತೆಂದು ಎಸೆಯಬೇಡಿ.